ಸರಪಳಿಯಿಂದ ಉಪಗ್ರಹಕ್ಕೆ: ನಮ್ಮ ಹೊಲಗಳ ನಕ್ಷೆಯ ಕಥೆ

ನಾನು ಮೊರಬದ ಇದೇ ಶಾಲೆಯಲ್ಲಿ ಓದಿದವನು. ಈಗ ಪರವಾನಗಿ ಪಡೆದ ಭೂಮಾಪಕನಾಗಿ ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಹೊಲ ಅಳೆಯುವುದು ನನ್ನ ಉದ್ಯೋಗ. ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಮೇಲೊಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯ ಗುರುಗಳು ಕೇಳಿದರು. ಚಾಲುಕ್ಯರ ಬಗ್ಗೆ, ಪೇಶ್ವೆಯರ ಬಗ್ಗೆ ಬರೆಯಲು ನನಗಿಂತ ಬಲ್ಲವರಿದ್ದಾರೆ. ನನಗೆ ಗೊತ್ತಿರುವ ಇತಿಹಾಸವೆಲ್ಲ ನನ್ನ ಚೀಲದೊಳಗಿದೆ: ಒಂದು ಟಿಪ್ಪಣಿಯ ನಕಲು, ಒಂದು ಆಕಾರಬಂದ, ಒಂದು ಗ್ರಾಮ ನಕ್ಷೆ, ಒಂದು ಮೊಬೈಲ್ ಫೋನು. ಮೊದಲ ಮೂರು ಕಾಗದಗಳ ಮೂಲ ನೂರೈವತ್ತು ವರ್ಷಕ್ಕೂ ಹಿಂದಿನದು. ಫೋನು ನಿನ್ನೆ ಮೊನ್ನೆಯದು. ಆದರೂ ಫೋನಿನ ಪರದೆಯ ಮೇಲೆ ಕಾಣುವ ಹೊಲದ ಗೆರೆ ಬಹುಪಾಲು ಆ ಹಳೆಯ ಕಾಗದದಿಂದಲೇ ಇಳಿದು ಬಂದದ್ದು. ಅದು ಹೇಗೆ ಎಂದು ವಿದ್ಯಾರ್ಥಿ ಮಿತ್ರರಿಗೂ ರೈತ ಬಂಧುಗಳಿಗೂ ತಿಳಿಸಲು ಇದನ್ನು ಬರೆಯುತ್ತಿದ್ದೇನೆ.

ಜಿಐಎಸ್ ಎಂಬ ಮಾತು ಈಗ ಪಂಚಾಯತಿಯ ಸಭೆಯಲ್ಲೂ ಕೇಳಿಬರುತ್ತದೆ. ಪೂರ್ತಿ ಹೆಸರು ಜಿಯೋಗ್ರಾಫಿಕ್ ಇನ್ಫರ್ಮೇಶನ್ ಸಿಸ್ಟಮ್. ಕನ್ನಡದಲ್ಲಿ ಭೌಗೋಳಿಕ ಮಾಹಿತಿ ವ್ಯವಸ್ಥೆ. ಹೆಸರು ದೊಡ್ಡದಾದರೂ ಒಳಗಿನ ವಿಚಾರ ಸರಳ. ಯಾವ ಜಾಗದ ಬಗ್ಗೆಯೇ ಆಗಲಿ ಎರಡು ಪ್ರಶ್ನೆ ಕೇಳಬಹುದು. ಅದು ಎಲ್ಲಿದೆ? ಅಲ್ಲಿ ಏನಿದೆ? ಮೊದಲನೆಯ ಪ್ರಶ್ನೆಗೆ ನಕ್ಷೆ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಪಟ್ಟಿ ಉತ್ತರ ಕೊಡುತ್ತದೆ. ಹೊಲದ ಮಟ್ಟಿಗೆ ಹೇಳುವುದಾದರೆ ನಕ್ಷೆ ಇರುವುದು ಸರ್ವೇ ಕಚೇರಿಯ ಕಪಾಟಿನಲ್ಲಿ. ಪಟ್ಟಿ, ಅಂದರೆ ನಮ್ಮ ಕಡೆ ಉತಾರ ಎಂದು ಕರೆಯುವ ಪಹಣಿ, ಇರುತ್ತಿದ್ದುದು ತಲಾಠಿಯ ಕಪಾಟಿನಲ್ಲಿ. ಈ ಎರಡು ಕಪಾಟುಗಳನ್ನು ಒಂದೇ ಕಂಪ್ಯೂಟರಿನೊಳಗೆ ಕೂಡಿಸಿ, ನಕ್ಷೆಯ ಮೇಲೆ ಹೊಲ ಮುಟ್ಟಿದರೆ ಉತಾರ ಕಾಣುವಂತೆ, ಉತಾರ ಮುಟ್ಟಿದರೆ ಹೊಲ ಕಾಣುವಂತೆ ಮಾಡಿದರೆ ಅದೇ ಜಿಐಎಸ್. ಎರಡನ್ನೂ ಕಟ್ಟಿಹಾಕುವ ದಾರ ಸರ್ವೇ ನಂಬರು.

ನಮ್ಮ ನಾಡಿನಲ್ಲಿ ಪಟ್ಟಿ ಮೊದಲು ಬಂತು, ನಕ್ಷೆ ಬಹಳ ತಡವಾಗಿ ಬಂತು. ನಮ್ಮ ಸೀಮೆ ಒಂದು ಕಾಲಕ್ಕೆ ಬೆಳ್ವೊಲ ಮುನ್ನೂರು. ಅಣ್ಣಿಗೇರಿ ಅದರ ರಾಜಧಾನಿ. ಆ ಕಾಲದ ದಾನಶಾಸನಗಳಲ್ಲಿ ಗುಡಿಗೆ ಬಿಟ್ಟ ಭೂಮಿಯನ್ನು ಮತ್ತರಿನಲ್ಲಿ ಹೇಳಿ, ಮೂಡಲಿಗೆ ಇಂಥ ಕಲ್ಲು, ತೆಂಕಲಿಗೆ ಇಂಥ ಕೆರೆ ಎಂದು ನಾಲ್ಕು ದಿಕ್ಕಿನ ಗಡಿಯನ್ನು ಮಾತಿನಲ್ಲಿಯೇ ಬರೆಯುತ್ತಿದ್ದರು. ಅಳೆಯುವ ಗಳೆ ಎಲ್ಲ ಕಡೆ ಒಂದೇ ಉದ್ದದ್ದಾಗಿರಲಿಲ್ಲ. ಯಾವ ಗಳೆಯಿಂದ ಅಳೆದದ್ದು ಎಂದು ಶಾಸನವೇ ಕೆಲವೊಮ್ಮೆ ಹೇಳುತ್ತದೆ. ಆಮೇಲೆ ಬಂದ ಕೂರಿಗೆಯ ಲೆಕ್ಕವೂ ಹಾಗೆಯೇ. ಒಂದು ಕೂರಿಗೆ ಒಂದು ದಿನದಲ್ಲಿ ಎಷ್ಟು ಬಿತ್ತುತ್ತದೋ ಅಷ್ಟು ನೆಲ ಒಂದು ಕೂರಿಗೆ ಹೊಲ. ಎತ್ತು ಗಟ್ಟಿಯಾಗಿದ್ದರೆ ಹೊಲ ದೊಡ್ಡದು! ನಗಬೇಡಿ, ಈ ಅಳತೆ ಒಕ್ಕಲುತನದವನಿಗೆ ಉಪಯೋಗದ್ದೇ ಆಗಿತ್ತು. ಕಂದಾಯ ಹಾಕುವವನಿಗೆ ಮಾತ್ರ ಅದರಿಂದ ಉಪಯೋಗವಿರಲಿಲ್ಲ.

1817–18ರ ಯುದ್ಧದಲ್ಲಿ ಧಾರವಾಡ ಸೀಮೆ ಪೇಶ್ವೆಯರಿಂದ ಇಂಗ್ಲಿಷರ ಕೈಗೆ ಹೋಯಿತು. ಯಾರ ಹೊಲ ಎಷ್ಟು, ಅದರ ಮಣ್ಣು ಎಂಥದ್ದು ಎಂಬ ಲೆಕ್ಕ ಅವರಿಗೆ ಸಿಗಲಿಲ್ಲ. ಸಿಕ್ಕ ಲೆಕ್ಕ ಕುಲಕರ್ಣಿಯ ದಫ್ತರದಲ್ಲಿತ್ತು, ಅದನ್ನು ಓದಬಲ್ಲವನೂ ಅವನೊಬ್ಬನೇ. ಮುಂಬಯಿ ಸರಕಾರ ಪುಣೆಯ ಕಡೆ ಮಾಡಿಸಿದ ಮೊದಲ ಮೋಜಣಿ ಕೆಟ್ಟುಹೋದ ಮೇಲೆ 1835ರ ಸುಮಾರಿಗೆ ಇಂದಾಪುರ ತಾಲೂಕಿನಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು ಹೊಸ ಪದ್ಧತಿ ಆರಂಭಿಸಿದರು. ಅದೇ ವಿಂಗೇಟ್ ಮುಂದೆ ಧಾರವಾಡ, ಬೆಳಗಾವಿಗಳನ್ನೊಳಗೊಂಡ ದಕ್ಷಿಣ ಮರಾಠಾ ಸೀಮೆಯ ಮೋಜಣಿಯ ಮುಖ್ಯಸ್ಥನಾದ. 1847ರಲ್ಲಿ ಬಂದ 'ಜಾಯಿಂಟ್ ರಿಪೋರ್ಟ್' ಎಂಬ ವರದಿ ಈ ಪದ್ಧತಿಗೆ ನಿಯಮದ ರೂಪ ಕೊಟ್ಟಿತು. ಮೂವತ್ತು ವರ್ಷಕ್ಕೊಮ್ಮೆ ಕಂದಾಯ ಪರಿಷ್ಕರಿಸಬೇಕೆಂಬ ನಿಯಮದಂತೆ 1870ರ ದಶಕದಲ್ಲಿ ನಮ್ಮ ಭಾಗದಲ್ಲಿ ಮರುಮೋಜಣಿ ನಡೆಯಿತು. ಇವತ್ತಿಗೂ ಕಾಗದಪತ್ರಗಳಲ್ಲಿ 'ರಿ.ಸ.ನಂ.' ಎಂದು ಬರೆಯುವುದು ಆ ರಿವಿಜನ್ ಸರ್ವೇಯ ನೆನಪು.

ಅಳತೆಯ ಸಾಧನ ಮೂವತ್ಮೂರು ಅಡಿಯ ಕಬ್ಬಿಣದ ಸರಪಳಿ. ಅದನ್ನು ಹದಿನಾರು ಆಣೆಗಳಾಗಿ ಭಾಗ ಮಾಡಿದ್ದರು. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ 1089 ಚದರ ಅಡಿ. ಅದೇ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಗುಂಟೆಗೆ ಹದಿನಾರು ಆಣೆ. ನಮ್ಮ ಉತಾರದಲ್ಲಿ ಎಕರೆ–ಗುಂಟೆ–ಆಣೆ ಎಂದು ಬರುವುದು ರೂಪಾಯಿಯಿಂದ ಬಂದದ್ದೆಂದು ಬಹಳ ಜನ ತಿಳಿದಿದ್ದಾರೆ, ಅದು ಸರಪಳಿಯ ಮೂಲಕ ಬಂದದ್ದು. ಹೊಲದ ಉದ್ದಕ್ಕೆ ಒಂದು ಆಧಾರ ರೇಖೆ ಹಾಕಿ, ಅಡ್ಡ ಕೋಲಿನಿಂದ ಲಂಬ ತೆಗೆದು, ಬಾಂದಗಲ್ಲಿನವರೆಗೆ ಅಳೆದು, ಹೊಲವನ್ನು ತ್ರಿಭುಜ ಮತ್ತು ತ್ರಾಪಿಜ್ಯಗಳನ್ನಾಗಿ ಒಡೆದು ಕ್ಷೇತ್ರಫಲ ಕೂಡಿಸುವುದು ಪದ್ಧತಿ. ಹೈಸ್ಕೂಲಿನ ಗಣಿತದ ಆಚೆಗಿನದು ಅದರಲ್ಲಿ ಏನೂ ಇಲ್ಲ. ಆ ಕಚ್ಚಾ ಚಿತ್ರವೇ ಟಿಪ್ಪಣಿ. ಇವತ್ತು ಹದ್ದುಬಸ್ತಿಗೆ ಅರ್ಜಿ ಬಂದರೂ ನಾವು ಮೊದಲು ಕೇಳುವುದು ಅದನ್ನೇ.

ನನಗೆ ಹೆಚ್ಚು ಬೆರಗು ಹುಟ್ಟಿಸಿದ್ದು ಅಳತೆಯಲ್ಲ, ಮಣ್ಣಿನ ಲೆಕ್ಕ. ಹೊಲವನ್ನು ನಕ್ಷೆಯ ಮೇಲೆ ಚೌಕಗಳಾಗಿ ಭಾಗ ಮಾಡಿ, ಒಂದೊಂದು ಚೌಕದಲ್ಲೂ ಅಗೆದು ನೋಡುತ್ತಿದ್ದರು. ಒಂದೂ ಮುಕ್ಕಾಲು ಮೊಳ ಆಳದವರೆಗೆ ಒಳ್ಳೆಯ ಕರಿಮಣ್ಣಿದ್ದರೆ ಹದಿನಾರಾಣೆ. ಆಳ ಕಡಿಮೆಯಾದಂತೆ ಹದಿನಾಲ್ಕು, ಹನ್ನೆರಡು, ಹೀಗೆ ಇಳಿಯುತ್ತದೆ. ಸುಣ್ಣದ ಹರಳು ಬೆರೆತಿದ್ದರೆ, ಉಸುಕು ಬೆರೆತಿದ್ದರೆ, ನೆಲ ಇಳಿಜಾರಾಗಿದ್ದರೆ, ಮಳೆಯ ನೀರು ಕೊಚ್ಚುತ್ತಿದ್ದರೆ, ಜವಳು ಹಿಡಿದಿದ್ದರೆ, ಇಂಥ ಏಳು ದೋಷಗಳಿಗೆ ಏಳು ಗುರುತು. ಪ್ರತಿ ದೋಷಕ್ಕೂ ಒಂದು ದರ್ಜೆ ಕೆಳಗೆ. ಕೊನೆಗೆ ಎಲ್ಲ ಚೌಕಗಳ ಸರಾಸರಿ ತೆಗೆದರೆ ಆ ಹೊಲಕ್ಕೆ ಇಷ್ಟು ಆಣೆ ಎಂದು ನಿರ್ಧಾರ. ಜಾಗವನ್ನು ಚೌಕ ಮಾಡಿ, ಚೌಕಕ್ಕೆ ಬೆಲೆ ಕೊಟ್ಟು, ಆಳದ ಪದರದ ಮೇಲೆ ದೋಷದ ಪದರ ಇಟ್ಟು ಒಟ್ಟು ಲೆಕ್ಕ ತೆಗೆಯುವುದು ಇವತ್ತಿನ ಜಿಐಎಸ್ ಪಾಠದ ಮೊದಲ ಅಧ್ಯಾಯದಲ್ಲಿ ಬರುತ್ತದೆ. ನಮ್ಮ ಎರಿ ಹೊಲಗಳಲ್ಲಿ ಅದನ್ನು ಸಲಿಕೆ, ಮೊಳ ಮತ್ತು ಪೆನ್ಸಿಲಿನಿಂದ ಮಾಡಿ ಮುಗಿಸಿದ್ದರು. ಉದ್ದೇಶ ಕಂದಾಯ ವಸೂಲಿ, ಅದರಲ್ಲಿ ಸಂಶಯವಿಲ್ಲ. ಆದರೂ ಕೆಲಸ ಅಚ್ಚುಕಟ್ಟು.

ಇದೇ ಶತಮಾನದಲ್ಲಿ ಇನ್ನೊಂದು ಅಳತೆಯೂ ನಡೆದಿತ್ತು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ತಿರ ಒಂದು ಆಧಾರ ರೇಖೆ ಅಳೆದು ನೋಡಿ, 1802ರಲ್ಲಿ ಮದ್ರಾಸಿನಿಂದ ದೇಶದ ತ್ರಿಕೋನ ಮೋಜಣಿಯನ್ನು ಆರಂಭಿಸಿದ. ಅವನ ನಂತರ ಬಂದ ಎವರೆಸ್ಟ್ ಅದನ್ನು ಹಿಮಾಲಯದ ಬುಡಕ್ಕೆ ಮುಟ್ಟಿಸಿದ. ಅಕ್ಷಾಂಶ ರೇಖಾಂಶ ಸಿಕ್ಕಿದ್ದು ಅವರ ನಕ್ಷೆಗಳಿಗೆ. ಕಂದಾಯದ ಗ್ರಾಮ ನಕ್ಷೆಗೆ ಅದು ಸಿಗಲಿಲ್ಲ. ಗ್ರಾಮ ನಕ್ಷೆಯಲ್ಲಿ ಒಂದು ಹೊಲದ ಪಕ್ಕ ಇನ್ನೊಂದು ಹೊಲ ಸರಿಯಾಗಿ ಕೂತಿದೆ. ಆದರೆ ಇಡೀ ಊರು ಭೂಗೋಲದ ಮೇಲೆ ಎಲ್ಲಿದೆ ಎಂದು ಆ ಕಾಗದವನ್ನು ಕೇಳಿದರೆ ಉತ್ತರವಿಲ್ಲ. ನಮ್ಮ ಊರು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ ಎಂಬುದು ಶಾಲೆಯ ಗೋಡೆಯ ಭೂಪಟದಿಂದ ಗೊತ್ತಾಗುತ್ತದೆಯೇ ಹೊರತು ಗ್ರಾಮ ನಕ್ಷೆಯಿಂದ ಅಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಂತರದ ನೂರು ವರ್ಷದಲ್ಲಿ ಎರಡು ಕಪಾಟುಗಳೂ ಒಂದಕ್ಕೊಂದು ದೂರವಾಗುತ್ತ ಹೋದವು. ಅಣ್ಣತಮ್ಮಂದಿರು ಪಾಲಾದರು, ಹೊಲದಲ್ಲಿ ಬದು ಹಾಕಿಕೊಂಡರು, ಉತಾರದಲ್ಲಿ ಹೆಸರು ಏರಿಸಿದರು. ಹಿಸ್ಸಾ ಮೋಜಣಿ ಮಾತ್ರ ಎಷ್ಟೋ ಕಡೆ ಆಗಲೇ ಇಲ್ಲ. 1947ರ ಮುಂಬಯಿ ಏಕತ್ರೀಕರಣ ಕಾಯ್ದೆಯಿಂದ ಕೆಲವು ಊರುಗಳಲ್ಲಿ ಸರ್ವೇ ನಂಬರಿನ ಜೊತೆಗೆ ಬ್ಲಾಕ್ ನಂಬರೂ ಬಂದು ಕೂತಿತು. 1950ರ ಕಾಯ್ದೆಯಿಂದ ಕುಲಕರ್ಣಿ ವತನ ಹೋಗಿ ತಲಾಠಿ ಬಂದ. ದಫ್ತರ ಬೇರೆಯವರ ಕೈಗೆ ಹೋಯಿತು, ನಕ್ಷೆ ಹಳೆಯದೇ ಉಳಿಯಿತು.

ನಕ್ಷೆಯ ಮೇಲಿನ ಒಂದು ಗೆರೆ ರೈತನಿಗೆ ಏನು ಮಾಡಬಲ್ಲದು ಎಂಬುದಕ್ಕೆ ನವಲಗುಂದ ತಾಲೂಕಿನವರಿಗೆ ಬೇರೆ ಊರಿನ ಉದಾಹರಣೆ ಬೇಕಿಲ್ಲ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, ಕಾಲುವೆ ತೋಡಿ, ಇಷ್ಟು ಹೊಲ ಅಚ್ಚುಕಟ್ಟಿನ ಒಳಗೆ ಎಂದು ನಕ್ಷೆಯಲ್ಲಿ ಗೆರೆ ಹಾಕಿದರು. ಗೆರೆಯ ಒಳಗಿನ ಹೊಲಕ್ಕೆ ನೀರಿನ ಕರ, ಮೇಲೆ ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರ. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಬರಲಿಲ್ಲ, ಕೆಲವು ಹೊಲ ಜವಳು ಹಿಡಿದವು. ಕರದ ನೋಟಿಸು ಮಾತ್ರ ಬಂತು. 1980ರ ಜುಲೈ 21ರಂದು ನವಲಗುಂದ ಮತ್ತು ನರಗುಂದದಲ್ಲಿ ರೈತರ ಮೇಲೆ ಗೋಲಿಬಾರಾಯಿತು, ಪ್ರಾಣಹಾನಿಯಾಯಿತು. ಪ್ರತಿ ವರ್ಷ ಆ ದಿನ ಹುತಾತ್ಮರ ಸ್ಮಾರಕಕ್ಕೆ ಹೂವು ಏರಿಸುವುದನ್ನು ನೀವೆಲ್ಲ ನೋಡಿದ್ದೀರಿ. ನೀರು ಹೊಲಕ್ಕೆ ನಿಜವಾಗಿ ಮುಟ್ಟಿತೇ ಎಂಬ ಪದರವನ್ನು ಅಚ್ಚುಕಟ್ಟಿನ ಗೆರೆಯ ಮೇಲೆ ಇಟ್ಟು ನೋಡಿ ಆಮೇಲೆ ಕರದ ಪಟ್ಟಿ ಮಾಡಿದ್ದರೆ ಅದು ಬೇರೆಯೇ ಪಟ್ಟಿಯಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಹೀಗೆ ಪದರದ ಮೇಲೆ ಪದರ ಇಟ್ಟು ನೋಡುವ ಕೆಲಸವನ್ನು ಕಂಪ್ಯೂಟರಿಗೆ ಕಲಿಸಿದವರು ಕೆನಡಾ ದೇಶದವರು. 1960ರ ದಶಕದಲ್ಲಿ ರೋಜರ್ ಟಾಮ್ಲಿನ್‌ಸನ್ ಎಂಬ ಭೂಗೋಲ ತಜ್ಞ ಆ ದೇಶದ ಸರಕಾರಕ್ಕಾಗಿ ಮಣ್ಣು, ಕಾಡು, ಬೇಸಾಯಗಳ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಕೂಡಿಸುವ ವ್ಯವಸ್ಥೆ ಕಟ್ಟಿಸಿದ. ಅಷ್ಟು ದೊಡ್ಡ ದೇಶದ ನಕ್ಷೆಗಳನ್ನು ಕೈಯಿಂದ ಒಂದರ ಮೇಲೊಂದು ಇಟ್ಟು ಲೆಕ್ಕ ಮಾಡುವುದು ಆಗದ ಮಾತಾಗಿತ್ತು. ಅಲ್ಲಿಯೂ ಆರಂಭವಾದದ್ದು ನೆಲದ ದರ್ಜೆಯಿಂದಲೇ.

ಕರ್ನಾಟಕ ಮೊದಲು ತೆರೆದದ್ದು ಪಟ್ಟಿಯ ಕಪಾಟನ್ನು. 'ಭೂಮಿ' ಯೋಜನೆಯಲ್ಲಿ 2002ರ ಹೊತ್ತಿಗೆ ರಾಜ್ಯದ ಎಲ್ಲ ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ ಹದಿನೈದು ರೂಪಾಯಿ ಕೊಟ್ಟರೆ ಅಚ್ಚಾದ ಉತಾರ ಕೈಗೆ ಬರುತ್ತಿತ್ತು. ಕೈಬರಹದ ಉತಾರಕ್ಕೆ ಬೆಲೆ ಇಲ್ಲದಾಯಿತು. ಇದು ಸಣ್ಣ ಬದಲಾವಣೆಯಲ್ಲ. ಆದರೆ ನಕ್ಷೆಯ ಕಪಾಟು ಇನ್ನೂ ಮುಚ್ಚಿಯೇ ಇತ್ತು.

ಅದನ್ನು ತೆರೆಯಲು ಆಕಾಶದ ಸಹಾಯ ಬೇಕಾಯಿತು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ ಸಿಡಿಲು ಎಷ್ಟು ದೂರ ಬಿತ್ತೆಂದು ಹೇಳುವ ಲೆಕ್ಕ ನಿಮಗೆ ಗೊತ್ತು. ಜಿಪಿಎಸ್ ಮಾಡುವುದೂ ಅದೇ ಲೆಕ್ಕ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹ ತನ್ನ ಪರಮಾಣು ಗಡಿಯಾರದ ಸಮಯವನ್ನು ರೇಡಿಯೋದಲ್ಲಿ ಕಳಿಸುತ್ತದೆ. ಅದು ಫೋನಿಗೆ ಮುಟ್ಟಲು ಹಿಡಿದ ಸಮಯದಿಂದ ದೂರ ಸಿಗುತ್ತದೆ. ಮೂರು ಉಪಗ್ರಹಗಳ ದೂರ ಸಿಕ್ಕರೆ ಜಾಗ ಸಿಗಬೇಕು. ಆದರೆ ಫೋನಿನ ಗಡಿಯಾರ ಅಗ್ಗದ್ದು. ಅದು ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಆ ತಪ್ಪನ್ನು ತೆಗೆಯಲು ನಾಲ್ಕನೆಯ ಉಪಗ್ರಹ ಬೇಕು. ಅಮೆರಿಕದ ಸೇನೆ 1978ರಿಂದ ಹಾರಿಸಿದ ಈ ಉಪಗ್ರಹಗಳ ಸಂಕೇತವನ್ನು ಜನಸಾಮಾನ್ಯರಿಗೆ ಬೇಕೆಂದೇ ಮಸುಕು ಮಾಡಿ ಕೊಡುತ್ತಿದ್ದರು. 2000ದ ಮೇ 2ರಂದು ಅದನ್ನು ನಿಲ್ಲಿಸಿದರು. ನಮ್ಮ ಇಸ್ರೋ 2013ರ ಜುಲೈ 1ರಂದು ತನ್ನ ಮೊದಲ ಪಥದರ್ಶಕ ಉಪಗ್ರಹವನ್ನು ಹಾರಿಸಿತು. ಆ ಸಮೂಹಕ್ಕೆ 2016ರಲ್ಲಿ 'ನಾವಿಕ್' ಎಂದು ಹೆಸರಾಯಿತು. ಅದರ ಪಥದರ್ಶನ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ.

ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದವರು ಹಳೆಯ ಗ್ರಾಮ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸಿ ಉಪಗ್ರಹ ಚಿತ್ರದ ಮೇಲೆ ಕೂಡಿಸಿದರು. 2018ರಲ್ಲಿ ಬಂದ 'ದಿಶಾಂಕ್' ಆ್ಯಪ್ ಆ ನಕ್ಷೆಗಳನ್ನು ಎಲ್ಲರ ಕೈಗೆ ಕೊಟ್ಟಿತು. ಹೊಲದಲ್ಲಿ ನಿಂತರೆ ಸರ್ವೇ ನಂಬರು ತೋರಿಸುತ್ತದೆ, ಅಲ್ಲಿಂದ ಪಹಣಿಯ ವಿವರಕ್ಕೆ ಹೋಗಬಹುದು. ಎರಡು ಕಪಾಟು ಕೊನೆಗೂ ಕೂಡಿದವು. ಅಕ್ಷಾಂಶವೇ ಇಲ್ಲದ ಕಾಗದವನ್ನು ಅಕ್ಷಾಂಶದ ಮೇಲೆ ಕೂಡಿಸಬೇಕಾದರೆ ಏನು ಮಾಡಬೇಕು? ಊರಿನ ಮೂಲೆ, ಹಳ್ಳ, ರಸ್ತೆಗಳನ್ನು ಚಿತ್ರದಲ್ಲಿ ಹುಡುಕಿ, ಕಾಗದವನ್ನು ಅವುಗಳ ಮೇಲೆ ಎಳೆದು ಕೂಡಿಸಬೇಕು. ಎಳೆದಾಗ ಸ್ವಲ್ಪ ಆಚೆ ಈಚೆ ಆಗಿಯೇ ಆಗುತ್ತದೆ. ಅದರ ಮೇಲೆ ನಕ್ಷೆಯ ಪ್ರಮಾಣ ನೋಡಿ: ಒಂದು ಅಂಗುಲಕ್ಕೆ ಇಪ್ಪತ್ತು ಸರಪಳಿ, ಅಂದರೆ 1:7920. ಕಾಗದದ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ ಸುಮಾರು ನಾಲ್ಕು ಮೀಟರ್ ಅಗಲವಾಗುತ್ತದೆ. ತೆರೆದ ಬಯಲಿನಲ್ಲಿ ಫೋನಿನ ಜಿಪಿಎಸ್ಸೂ ಐದು ಮೀಟರಿನಷ್ಟು ಹೆಚ್ಚುಕಡಿಮೆ ಹೇಳುತ್ತದೆ. ನಮ್ಮ ಬದು ಎಷ್ಟು ಅಗಲ? ಎರಡಡಿ.

ಒಮ್ಮೆ ಒಂದು ಊರಿಗೆ ಹದ್ದುಬಸ್ತಿಗೆ ಹೋಗಿದ್ದೆ. ಊರಿನ ಹೆಸರು ಬೇಡ. ಅಣ್ಣತಮ್ಮರ ಮಕ್ಕಳು, ಅಕ್ಕಪಕ್ಕದ ಎರಡು ಸರ್ವೇ ನಂಬರು. ಕಿರಿಯವನು ಫೋನು ಹಿಡಿದು, "ಸಾಹೇಬ್ರ, ಸರಕಾರದ ಆ್ಯಪ್ಪ ತೋರಸಾಕತ್ತೈತಿ ನೋಡ್ರಿ, ಈ ಬದು ನಮ್ಮ ಹೊಲದಾಗ ಐತಿ" ಎಂದ. ಹಿರಿಯವನು, "ತಮ್ಮಾ, ನಿಮ್ಮಪ್ಪ ನಮ್ಮಪ್ಪ ಕೂಡೇ ಹಾಕಿದ ಬದು ಇದು" ಎಂದ. ಹೆಸರು ಕಾಳಿನ ರಾಶಿಯ ಕಾಲ, ಮಾತು ಬಿಸಿಯಾಗಿತ್ತು. ನಾನು ಕಿರಿಯವನನ್ನು ಕರೆದುಕೊಂಡು ಪಕ್ಕದ ಗಾಡಿ ದಾರಿಗೆ ನಡೆದೆ. ಆ ದಾರಿ ಗ್ರಾಮ ನಕ್ಷೆಯಲ್ಲೂ ಇದೆ, ನೆಲದ ಮೇಲೂ ಇದೆ, ಅದರ ಬಗ್ಗೆ ಯಾರ ತಕರಾರೂ ಇಲ್ಲ. ಫೋನಿನಲ್ಲಿ ದಾರಿಯ ಗೆರೆಯೂ ಅಷ್ಟೇ ದೂರ, ಅದೇ ದಿಕ್ಕಿಗೆ ಸರಿದಿತ್ತು. ಸರಿದದ್ದು ಬದು ಅಲ್ಲ, ಇಡೀ ಹಾಳೆ. ಆಮೇಲೆ ಟಿಪ್ಪಣಿಯ ಅಳತೆಯಂತೆ ಮೂಲೆ ಹಿಡಿದು ಅಗೆಸಿದಾಗ ಒಂದಡಿ ಕೆಳಗೆ ಬಾಂದಗಲ್ಲು ಸಿಕ್ಕಿತು. ಬದು ಗೇಣು ವಾರೆಯಾಗಿತ್ತು, ಅದೂ ಕಿರಿಯವನ ಕಡೆಗೇ ಲಾಭ. ಇದಕ್ಕೆ ಯಾರನ್ನೂ ದೂರುವಂತಿಲ್ಲ. ಆ್ಯಪ್ ಇರುವುದು ಯಾವ ನಂಬರಿನಲ್ಲಿ ನಿಂತಿದ್ದೇನೆ ಎಂದು ತಿಳಿಯಲಿಕ್ಕೆ. ಗಡಿ ತೀರ್ಮಾನಿಸುವ ಕೆಲಸ ಅದರದ್ದಲ್ಲ. ನೀವೂ ಫೋನಿನಲ್ಲಿ ಗೆರೆ ನೋಡುವಾಗ ಮೊದಲು ತಕರಾರಿಲ್ಲದ ಒಂದು ದಾರಿಯನ್ನೋ ಹಳ್ಳವನ್ನೋ ನೋಡಿ, ಹಾಳೆ ಎಷ್ಟು ಸರಿದಿದೆ ಎಂದು ಅಂದಾಜು ಮಾಡಿಕೊಳ್ಳಿ. ಇಂಥದ್ದೇ ಇನ್ನೊಂದು ಪೇಚು ಹಳೆಯ ಭೂಪಟಗಳಲ್ಲಿದೆ: ಅವು ಎವರೆಸ್ಟ್ 1830ರಲ್ಲಿ ಲೆಕ್ಕ ಹಾಕಿದ ಭೂಮಿಯ ಆಕಾರವನ್ನು ನಂಬಿವೆ, ಫೋನು 1984ರ ಲೆಕ್ಕವನ್ನು ನಂಬಿದೆ. ಒಂದೇ ಅಕ್ಷಾಂಶ ರೇಖಾಂಶ ಎರಡರಲ್ಲೂ ಇಟ್ಟರೆ ನಮ್ಮ ಭಾಗದಲ್ಲಿ ನೂರು ಮೀಟರಿಗೂ ಹೆಚ್ಚು ವ್ಯತ್ಯಾಸ ಬರುತ್ತದೆ.

ಈಗ ಹೆಚ್ಚಿನ ಚಿಂತೆ ಬದುವಿನದಲ್ಲ, ಬೆಳೆಯದು. 2020ರ ಮುಂಗಾರಿನಿಂದ ರೈತರೇ ಆ್ಯಪ್ ಮೂಲಕ ತಮ್ಮ ಬೆಳೆ ಸಮೀಕ್ಷೆ ಮಾಡಬಹುದು. ಹೊಲದಲ್ಲಿ ನಿಂತು ಫೋಟೋ ತೆಗೆದರೆ ಅದರ ಜೊತೆ ಜಾಗವೂ ದಾಖಲಾಗುತ್ತದೆ. ಬೆಳೆ ವಿಮೆ, ಪರಿಹಾರ, ಬೆಂಬಲ ಬೆಲೆಯ ಖರೀದಿ, ಎಲ್ಲಕ್ಕೂ ಈ ದಾಖಲೆ ನೋಡುತ್ತಾರೆ. ಪೋಡಿಯಾಗದ ಹೊಲದ ಕಷ್ಟ ಇಲ್ಲಿ ಎದ್ದು ಕಾಣುತ್ತದೆ. ಉತಾರದಲ್ಲಿ ಐದು ಹೆಸರು, ನಕ್ಷೆಯಲ್ಲಿ ಒಂದೇ ಹೊಲ. ಒಬ್ಬ ಹೆಸರು ಬಿತ್ತಿದ್ದಾನೆ, ಒಬ್ಬ ಹತ್ತಿ ಹಾಕಿದ್ದಾನೆ, ಒಬ್ಬನದು ಬೀಳು. ತುಪ್ಪರಿಹಳ್ಳ ಉಕ್ಕಿ ಹಳ್ಳದ ಕಡೆಯ ಪಾಲು ಮುಳುಗಿದರೆ, ಮುಳುಗಿದ್ದು ಐವರಲ್ಲಿ ಯಾರ ಪಾಲು ಎಂದು ನಕ್ಷೆ ಹೇಳಲಾರದು. ಎಷ್ಟೇ ದೊಡ್ಡ ಉಪಗ್ರಹ ಮೇಲಿದ್ದರೂ ಇಲ್ಲದ ಗೆರೆಯನ್ನು ಅದು ತೋರಿಸುವುದಿಲ್ಲ. ಪಾಲಿನ ಹೊಲ ಮಾರುವುದಿದ್ದರೆ 11ಇ ನಕ್ಷೆ ಆಗಲೇಬೇಕೆಂದು ಈಗ ನಿಯಮವಿದೆ. ಮಾರುವ ವಿಚಾರವಿಲ್ಲದ ಮನೆಯಲ್ಲೂ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿರುವಾಗಲೇ ಪೋಡಿ ಮಾಡಿಸಿಕೊಂಡರೆ ಅಳೆಯಲು ಬಂದ ನಮಗೂ ಒಂದು ಊಟ ಸಿಗುತ್ತದೆ.

ಹಳೆಯ ಗ್ರಾಮ ನಕ್ಷೆಯ ಮಧ್ಯದಲ್ಲಿ ಒಂದು ಖಾಲಿ ಜಾಗವಿದೆ, ಅದು ಗಾಂವಠಾಣ. ಮನೆಗಳಿಗೆ ಹೊಲದ ಕಂದಾಯವಿಲ್ಲ, ಆದ್ದರಿಂದ ಇಂಗ್ಲಿಷರು ಮನೆಮನೆಯನ್ನು ಅಳೆಯಲಿಲ್ಲ. ಆ ಖಾಲಿ ಜಾಗವನ್ನು ತುಂಬುವ ಕೆಲಸ 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯದು. ಮನೆ, ಹಿತ್ತಲುಗಳ ಗಡಿಗೆ ಸುಣ್ಣದ ಗೆರೆ ಎಳೆದು, ಡ್ರೋನ್ ಹಾರಿಸಿ ಚಿತ್ರ ತೆಗೆದು ಮಾಲೀಕರಿಗೆ ಪ್ರಾಪರ್ಟಿ ಕಾರ್ಡ್ ಕೊಡುತ್ತಾರೆ. ಇದರ ಜೊತೆಗೆ ಭಾರತೀಯ ಸರ್ವೇಕ್ಷಣ ಇಲಾಖೆ ನಿಲ್ಲಿಸಿರುವ ಕಾರ್ಸ್ ಕೇಂದ್ರಗಳಿವೆ. ಜಾಗ ನಿಖರವಾಗಿ ಗೊತ್ತಿರುವ ಆ ಕೇಂದ್ರ ಉಪಗ್ರಹದ ತಪ್ಪನ್ನು ಕ್ಷಣಕ್ಷಣಕ್ಕೆ ಲೆಕ್ಕ ಹಾಕಿ ನಮ್ಮ ರೋವರ್ ಯಂತ್ರಕ್ಕೆ ತಿಳಿಸುತ್ತದೆ. ಐದು ಮೀಟರಿನ ತಪ್ಪು ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ಹೊಲದ ಮೂಲೆಗೆ ಮೊದಲ ಬಾರಿ ನಿಜವಾದ ಅಕ್ಷಾಂಶ ಸಿಗುವುದು ಈಗ.

ಒಂದು ಸಂಗತಿ ಮಾತ್ರ ಈ ಯಾವ ಪದರದಲ್ಲೂ ಇಲ್ಲ: ಹೊಲಗಳ ಹೆಸರು. ನಮ್ಮಲ್ಲಿ ಯಾರೂ "ಇಂಥ ರಿ.ಸ.ನಂ.ಗೆ ಹೋಗಿ ಬರ್ತೀನಿ" ಎನ್ನುವುದಿಲ್ಲ. ಹಳ್ಳದ ಹೊಲ, ಗುಡಿ ಹೊಲ, ಬನ್ನಿಗಿಡದ ಹೊಲ, ಯಾರೋ ಮುತ್ತಜ್ಜಿಯ ಹೆಸರಿನ ಹೊಲ ಎನ್ನುತ್ತೇವೆ. ಬನ್ನಿಗಿಡ ಹೋಗಿ ಎಷ್ಟೋ ವರ್ಷವಾದರೂ ಹೆಸರು ನಿಂತಿರುತ್ತದೆ. ಹಳ್ಳ ಮೊದಲು ಎಲ್ಲಿ ಹರಿಯುತ್ತಿತ್ತು, ಗಾಡಿ ದಾರಿ ಎಲ್ಲಿತ್ತು ಎಂಬ ಸುಳಿವು ಕೂಡ ಆ ಹೆಸರಿನಲ್ಲಿ ಇರುತ್ತದೆ. ಹದ್ದುಬಸ್ತಿನಲ್ಲಿ ನನಗೆ ಅದು ಎಷ್ಟೋ ಸಲ ಉಪಯೋಗಕ್ಕೆ ಬಂದಿದೆ. ಆ ಹೆಸರುಗಳನ್ನು ಬಲ್ಲವರು ಈಗ ಕಟ್ಟೆಯ ಮೇಲೆ ಕೂರುವ ಹಿರಿಯರು ಮಾತ್ರ. ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳು ಸಮಾಜ ವಿಜ್ಞಾನದ ಚಟುವಟಿಕೆಯೆಂದು ಹಿಡಿದರೆ ಒಂದು ಬೇಸಿಗೆಯಲ್ಲಿ ಮುಗಿಯುವ ಕೆಲಸ. ಗ್ರಾಮ ನಕ್ಷೆಯ ಪ್ರತಿ ನಾನು ಕೊಡುತ್ತೇನೆ. ಪಟ್ಟಿಗೆ ಮೂರು ಕಾಲಮ್ ಸಾಕು: ಸರ್ವೇ ನಂಬರು, ಹೊಲದ ಹೆಸರು, ಹೇಳಿದವರ ವಯಸ್ಸು.